ಶಾಲೆ ಬಿಟ್ಟ ಮೇಲಿನ ಎರಡು ಗಂಟೆ

ನಿನ್ನೆ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ನಿಮ್ಮ ಮಗು ಎಲ್ಲಿತ್ತು? ಸ್ವಲ್ಪ ಯೋಚಿಸಿ ನೋಡಿ. ಕಳೆದ ಪರೀಕ್ಷೆಯಲ್ಲಿ ಗಣಿತಕ್ಕೆ ಎಷ್ಟು ಅಂಕ ಬಂತೆಂದು ಕೇಳಿದರೆ ತಟ್ಟನೆ ಹೇಳುವ ತಂದೆ ತಾಯಿ ಈ ಪ್ರಶ್ನೆಗೆ ತಡವರಿಸುತ್ತಾರೆ. ‘ಟ್ಯೂಷನ್‌ನಲ್ಲಿತ್ತು’ ಎನ್ನುವವರು ಕೆಲವರು. ‘ಮನೆಯಲ್ಲೇ ಇತ್ತು, ನಾವು ಎಲ್ಲಿಗೂ ಕಳಿಸುವುದಿಲ್ಲ’ ಎನ್ನುವವರು ಇನ್ನು ಕೆಲವರು. ಈ ಎರಡನೆಯವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತದೆ.

ಆ ಎರಡು ಗಂಟೆಯನ್ನೇ ಹಿಡಿದು ಕೇಳಲು ಕಾರಣವಿದೆ. ನಮ್ಮ ಕೋಲಾರ ಸೀಮೆಯಲ್ಲಿ ಡಿಸೆಂಬರ್ ತಿಂಗಳಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಹೊತ್ತಿಗೆ. ಜೂನ್ ಕೊನೆಯಲ್ಲಿ ಆರೂಮುಕ್ಕಾಲಿಗೆ. ಅಂದರೆ ಶಾಲೆ ಬಿಟ್ಟ ಮಗುವಿಗೆ ಕತ್ತಲಾಗುವುದರೊಳಗೆ ದೊರೆಯುವ ಹಗಲು ದಿನಕ್ಕೆ ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು ಗಂಟೆ. ಉಳಿದ ಹಗಲೆಲ್ಲ ತರಗತಿಯ ನಾಲ್ಕು ಗೋಡೆಗಳ ನಡುವೆ ಕಳೆದಿರುತ್ತದೆ. ಈ ಒಂದೂವರೆ ಗಂಟೆ ಬಯಲಿನಲ್ಲಿ ಕಳೆಯುವ ಮಗುವಿಗೆ ಕನ್ನಡಕ ಬರುವ ಸಂಭವ ಕಡಿಮೆ ಎಂಬುದನ್ನು ಕಳೆದ ಎರಡು ದಶಕಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಅಂಕಿ ಅಂಶ ಸಮೇತ ತೋರಿಸಿಕೊಟ್ಟಿವೆ.

ಸಿಡ್ನಿ ಮತ್ತು ಸಿಂಗಪುರ

ಈ ಅಧ್ಯಯನಗಳಲ್ಲಿ ಒಂದನ್ನು ನೀವು ಅವಶ್ಯವಾಗಿ ತಿಳಿದಿರಬೇಕು. ಅದು ಪ್ರಕಟವಾದದ್ದು 2008ರಲ್ಲಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲೂ ಸಿಂಗಪುರದಲ್ಲೂ ವಾಸಿಸುವ ಚೀನೀ ಮೂಲದ ಆರೇಳು ವರ್ಷದ ಮಕ್ಕಳ ಕಣ್ಣುಗಳನ್ನು ವೈದ್ಯರು ಪರೀಕ್ಷಿಸಿದರು. ಮಕ್ಕಳು ಒಂದೇ ಜನಾಂಗದವರು. ಅವರ ತಂದೆ ತಾಯಿಗಳಲ್ಲಿ ದೂರದ ದೃಷ್ಟಿಗೆ ಕನ್ನಡಕ ಹಾಕುವವರ ಪ್ರಮಾಣವೂ ಹೆಚ್ಚು ಕಡಿಮೆ ಒಂದೇ. ಹೀಗಿದ್ದರೂ ಸಿಂಗಪುರದ ಮಕ್ಕಳಲ್ಲಿ ನೂರಕ್ಕೆ 29 ಮಂದಿಗೆ ಸಮೀಪದೃಷ್ಟಿ ಕಂಡುಬಂತು. ಸಿಡ್ನಿಯಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ಸಮೀಪದೃಷ್ಟಿ ಎಂದರೆ ಕೈಯಲ್ಲಿರುವ ಪುಸ್ತಕ ಸ್ಪಷ್ಟವಾಗಿ ಕಾಣುತ್ತದೆ, ಕಪ್ಪು ಹಲಗೆಯ ಮೇಲಿನ ಅಕ್ಷರ ಮಸುಕಾಗುತ್ತದೆ.

‘ಸಿಂಗಪುರದ ಮಕ್ಕಳು ಹೆಚ್ಚು ಓದುತ್ತಿದ್ದಿರಬೇಕು’ ಎಂದು ನೀವು ಹೇಳಬಹುದು. ವೈದ್ಯರೂ ಹಾಗೆಯೇ ಎಣಿಸಿದ್ದರು. ಲೆಕ್ಕ ಹಾಕಿ ನೋಡಿದರೆ ವಾರಕ್ಕೆ ಹೆಚ್ಚು ಪುಸ್ತಕ ಓದುತ್ತಿದ್ದವರು ಸಿಡ್ನಿಯ ಮಕ್ಕಳೇ! ದೊಡ್ಡ ವ್ಯತ್ಯಾಸ ಕಂಡದ್ದು ಒಂದೇ ಕಡೆ. ಸಿಡ್ನಿಯ ಮಗು ವಾರಕ್ಕೆ ಸುಮಾರು ಹದಿಮೂರುಮುಕ್ಕಾಲು ಗಂಟೆ ಮನೆಯ ಹೊರಗೆ ಇರುತ್ತಿತ್ತು. ಸಿಂಗಪುರದ ಮಗು ಬರೀ ಮೂರು ಗಂಟೆ.

ಬೆಳಕು ಕಣ್ಣಿಗೆ ಏನು ಮಾಡುತ್ತದೆ?

ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 16-17 ಮಿಲಿಮೀಟರ್ ಉದ್ದ ಇರುತ್ತದೆ. ಅದು ಬೆಳೆಯುತ್ತಾ ಹೋಗಿ ದೊಡ್ಡವರಾಗುವಾಗ 23-24 ಮಿಲಿಮೀಟರಿಗೆ ಬಂದು ನಿಲ್ಲಬೇಕು. ಎಲ್ಲಿ ನಿಲ್ಲಬೇಕೆಂಬುದು ಅಂದಾಜಿನ ಮಾತಲ್ಲ. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೂ ಎರಡೂವರೆ ಮೂರು ನಂಬರಿನ ಕನ್ನಡಕ ಬೇಕಾಗುತ್ತದೆ. ಹೊರಗಿನ ಪ್ರಖರ ಬೆಳಕು ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ಬಿದ್ದಾಗ ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಇದು ಕಣ್ಣುಗುಡ್ಡೆಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಈಗ ಬಹುಪಾಲು ತಜ್ಞರು ಒಪ್ಪಿರುವ ವಿವರಣೆ. ಒಮ್ಮೆ ಉದ್ದವಾದ ಕಣ್ಣು ಮತ್ತೆ ಚಿಕ್ಕದಾಗುವುದಿಲ್ಲ.

‘ಮನೆಯಲ್ಲಿ ಎರಡು ಟ್ಯೂಬ್‌ಲೈಟ್ ಹಾಕಿದ್ದೇವಲ್ಲ’ ಎಂದರೆ ಸಾಲದು. ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಚೆನ್ನಾಗಿ ದೀಪ ಹಾಕಿದ ಕೋಣೆಯಲ್ಲಿ ಮುನ್ನೂರು ನಾನೂರು ಲಕ್ಸ್ ಇದ್ದರೆ ಹೆಚ್ಚು. ಹಗಲಿನಲ್ಲಿ ಹೊಂಗೆ ಮರದ ನೆರಳಿಗೆ ಬಂದು ನಿಂತರೂ ಅದು ಹಲವು ಸಾವಿರ ಲಕ್ಸ್‌ಗೆ ಏರುತ್ತದೆ. ಮೋಡ ಕವಿದ ದಿನವೂ ಬಯಲು ಬಯಲೇ. ಆದ್ದರಿಂದ ಮಗುವನ್ನು ಸುಡುಬಿಸಿಲಿನಲ್ಲಿ ನಿಲ್ಲಿಸಬೇಕಾಗಿಲ್ಲ, ಅದು ಓಡಲೇಬೇಕೆಂದೂ ಇಲ್ಲ. ನೆರಳಿನಲ್ಲಿ ಕೂತು ಅಳಗುಳಿಮಣೆ ಆಡಿದರೂ ಕಣ್ಣಿಗೆ ಬೆಳಕು ಬೀಳುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಮಾತ್ರ ಮಕ್ಕಳಿಗೆ ಹೇಳಿಕೊಡಬೇಕು.

ಚೀನಾದ ಗುವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದರು. ಆರು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ ನಲವತ್ತು ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಉಳಿದ ಆರು ಶಾಲೆಗಳು ಎಂದಿನಂತೆ ನಡೆದವು. ಮೂರು ವರ್ಷದ ನಂತರ ಎಂದಿನಂತೆ ನಡೆದ ಶಾಲೆಗಳಲ್ಲಿ ನೂರಕ್ಕೆ 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಹೊರಗೆ ಬಿಟ್ಟ ಶಾಲೆಗಳಲ್ಲಿ 30.4. ಈ ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ನಲವತ್ತು ನಿಮಿಷಕ್ಕೆ ಇಷ್ಟು!

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಕನ್ನಡಕ ಬಾರದಂತೆ ತಡೆಯುವುದರಲ್ಲಿ ಹಗಲು ಬೆಳಕು ಪರಿಣಾಮಕಾರಿ. ಬಂದ ಮೇಲೆ ನಂಬರ್ ಏರದಂತೆ ತಡೆಯುವುದರಲ್ಲಿ ಅಷ್ಟಾಗಿ ಅಲ್ಲ. ಹಾಗಾಗಿ ಆರರಿಂದ ಹನ್ನೆರಡು ವರ್ಷದೊಳಗಿನ ಕಾಲ ಬಹಳ ಮುಖ್ಯ. ಕನ್ನಡಕವೇನು ದೊಡ್ಡ ಕಾಯಿಲೆಯೇ ಎಂದು ಕೇಳುವವರಿದ್ದಾರೆ. ಒಂದು ಎರಡು ನಂಬರ್ ಆದರೆ ಅಲ್ಲ. ಆದರೆ ಎಂಟನೇ ವಯಸ್ಸಿಗೇ ಕನ್ನಡಕ ಬಂದ ಮಗುವಿಗೆ ಬೆಳೆಯುವ ವರ್ಷಗಳು ಇನ್ನೂ ಬಹಳ ಇರುತ್ತವೆ, ನಂಬರ್ ಏರಲು ಅವಕಾಶವೂ ಅಷ್ಟೇ ಇರುತ್ತದೆ. ಆರು ನಂಬರ್ ದಾಟಿದ ಕಣ್ಣಿನಲ್ಲಿ ಮುಂದೆ ಅಕ್ಷಿಪಟಲ ಕಳಚಿಕೊಳ್ಳುವ, ಗ್ಲಾಕೋಮಾ ಬರುವ ಅಪಾಯ ಹೆಚ್ಚು.

ಬೇರೆ ದೇಶದ ಸಂಜೆಗಳು

ದಕ್ಷಿಣ ಕೊರಿಯಾದ ಮಕ್ಕಳು ಶಾಲೆ ಮುಗಿಸಿ ಹಗ್ವಾನ್ ಎಂಬ ಖಾಸಗಿ ಪಾಠಶಾಲೆಗಳಿಗೆ ಹೋಗುತ್ತಾರೆ. ರಾತ್ರಿ ಹತ್ತರ ನಂತರ ಪಾಠ ಮಾಡಕೂಡದೆಂದು ರಾಜಧಾನಿ ಸೋಲ್‌ನಲ್ಲಿ ನಿಯಮವನ್ನೇ ಮಾಡಬೇಕಾಯಿತು ಎಂದರೆ ಅಲ್ಲಿನ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ. 2010ರಲ್ಲಿ ಸೋಲ್‌ನ 19 ವರ್ಷದ ಹುಡುಗರನ್ನು ಸೈನ್ಯ ಸೇವೆಗಾಗಿ ಪರೀಕ್ಷಿಸಿದಾಗ ನೂರಕ್ಕೆ 96 ಮಂದಿಗೂ ಮಿಕ್ಕಿ ಸಮೀಪದೃಷ್ಟಿ ಇತ್ತು. ಚೀನಾ 2021ರಲ್ಲಿ ಶಾಲಾ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನೇ ನಿಷೇಧಿಸಿತು. ಹದಿನೆಂಟು ತುಂಬದವರು ಅಂತರ್ಜಾಲದಲ್ಲಿ ಆಟವಾಡುವುದಕ್ಕೆ ವಾರಕ್ಕೆ ಮೂರು ಗಂಟೆಯ ಮಿತಿ ಹಾಕಿದ್ದೂ ಅದೇ ವರ್ಷ. ತೈವಾನ್ ಬೇರೆ ದಾರಿ ಹಿಡಿಯಿತು. 2010ರಿಂದ ಅಲ್ಲಿನ ಪ್ರಾಥಮಿಕ ಶಾಲೆಗಳು ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗಿರುವಂತೆ ಪ್ರೋತ್ಸಾಹಿಸತೊಡಗಿದವು. ಅದುವರೆಗೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದ ದೃಷ್ಟಿದೋಷದ ಪ್ರಮಾಣ 2011ರ ನಂತರ ಇಳಿಯತೊಡಗಿ, ನೂರಕ್ಕೆ 50ರಿಂದ 2015ರ ಹೊತ್ತಿಗೆ 46ಕ್ಕೆ ಬಂತು. ಬೈಗುಳವಿಲ್ಲ, ನಿಷೇಧವಿಲ್ಲ. ನನಗಂತೂ ಈ ದಾರಿಯೇ ಮೆಚ್ಚುಗೆಯಾಯಿತು.

ಜಪಾನಿನಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳು ಬೆಳಿಗ್ಗೆ ಬೇಗ ಎದ್ದು ಬೀದಿಯ ಮೈದಾನದಲ್ಲಿ ಸೇರಿ, ರೇಡಿಯೋದಲ್ಲಿ ಬರುವ ಸಂಗೀತಕ್ಕೆ ವ್ಯಾಯಾಮ ಮಾಡಿ, ಚೀಟಿಗೆ ಮುದ್ರೆ ಒತ್ತಿಸಿಕೊಂಡು ಮನೆಗೆ ಬರುವ ಪದ್ಧತಿಯಿದೆ. ರೇಡಿಯೋ ವ್ಯಾಯಾಮ ಅಲ್ಲಿ 1928ರಲ್ಲೇ ಶುರುವಾಯಿತು. ಫಿನ್‌ಲೆಂಡಿನಲ್ಲಿ 45 ನಿಮಿಷ ಪಾಠವಾದರೆ 15 ನಿಮಿಷ ಬಿಡುವು. ಹಿಮ ಬೀಳುತ್ತಿದ್ದರೂ ಮಕ್ಕಳನ್ನು ಹೊರಗೆ ಕಳಿಸುತ್ತಾರೆ. ಚಳಿಗಾಲದಲ್ಲಿ ಸೂರ್ಯನೇ ಅಪರೂಪವಾದ ದೇಶ ಅದು. ನಮ್ಮ ಜಿಲ್ಲೆಗೆ ಬರ ಬಂದದ್ದು ನೀರಿಗೆ, ಬಿಸಿಲಿಗೆ ಎಂದೂ ಬಂದಿಲ್ಲ.

ದೂರದ ಮಾತಾಯಿತೆನ್ನುವವರಿಗೆ ದೆಹಲಿಯ ಉದಾಹರಣೆ ಇದೆ. ಅಲ್ಲಿ ಸುಮಾರು ಹತ್ತು ಸಾವಿರ ಶಾಲಾ ಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ 13 ಮಕ್ಕಳಿಗೆ ಸಮೀಪದೃಷ್ಟಿ ಇತ್ತು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಆಡುವವರಲ್ಲಿ ಅದು ಕಡಿಮೆ ಕಂಡುಬಂತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಈಗ ಮನೆಯ ಹತ್ತಿರ ಬರೋಣ. ಮಾಲೂರಿನಲ್ಲಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವ ತಂದೆಯರು, ಕಾರ್ಖಾನೆಗೆ ಹೋಗುವ ತಾಯಂದಿರು ಬಹಳ. ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಕಡೆಯೂ ಕೈಗಾರಿಕೆ ಬಂದ ಮೇಲೆ ಇದೇ ಸ್ಥಿತಿ. ಅವರು ಮನೆ ಸೇರುವಾಗ ಕತ್ತಲಾಗಿರುತ್ತದೆ. ಪಕ್ಕದ ಮನೆಯಲ್ಲಿ ಬೀಗದ ಕೈ ಇಸಿದುಕೊಂಡು ಬಾಗಿಲು ತೆರೆದ ಮಗು, ಒಳಗಿನಿಂದ ಚಿಲಕ ಹಾಕಿಕೊಂಡು ಮೊಬೈಲ್ ಹಿಡಿಯುತ್ತದೆ. ತಾಯಿ ಫೋನ್ ಮಾಡಿ ‘ಎಲ್ಲಿದ್ದೀಯಾ?’ ಎಂದರೆ ‘ಮನೇಲೇ ಇದ್ದೀನಮ್ಮ’ ಎಂಬ ಉತ್ತರ ಬರುತ್ತದೆ. ಅವರಿಗೆ ಸಮಾಧಾನವಾಗುತ್ತದೆ. ಆ ಸಮಾಧಾನವನ್ನು ನಾನು ತಪ್ಪೆನ್ನಲಾರೆ.

ಕೋಲಾರ, ಮುಳಬಾಗಿಲು ಪಟ್ಟಣಗಳಲ್ಲಿ ಕಾನ್ವೆಂಟ್ ವ್ಯಾನಿನಿಂದ ಇಳಿದ ಮಗು ಒಂದು ಲೋಟ ಹಾಲು ಕುಡಿದು ಐದು ಗಂಟೆಗೆ ಟ್ಯೂಷನ್ನಿಗೆ ಹೋಗುತ್ತದೆ. ಏಳಕ್ಕೆ ಬರುತ್ತದೆ. ಇಡೀ ದಿನದಲ್ಲಿ ಅದರ ಕಣ್ಣಿಗೆ ಬಿದ್ದ ಹಗಲು ಬೆಳಕು ವ್ಯಾನಿನ ಕಿಟಕಿಯಿಂದ ಬಂದದ್ದು.

ಹಳ್ಳಿಗಳಲ್ಲಿ ಬೇರೆ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ, ಮುಳಬಾಗಿಲಿನ ಟೊಮೆಟೊ ಹೊಲಗಳ ಬದುವಿನಲ್ಲಿ ಬೆಳೆಯುವ ಮಗುವಿಗೆ ಬೆಳಕಿನ ಕೊರತೆಯಿಲ್ಲ. ಆದರೆ ಬೆಳಕಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆನ್ನಲಾಗದು. ಸಂಜೆ ಡೈರಿಗೆ ಹಾಲು ಹಾಕಿ ಬರುವುದು, ಕರುವಿಗೆ ಹುಲ್ಲು ಹಾಕುವುದು, ಹಿಪ್ಪುನೇರಳೆ ಸೊಪ್ಪು ಬಿಡಿಸುವುದು ಇವುಗಳಿಂದ ಮಗುವಿಗೆ ಕೆಡುಕೇನೂ ಇಲ್ಲ, ಮೈಗೂ ಒಳ್ಳೆಯದೇ. ಟೊಮೆಟೊ ಬಾಕ್ಸ್ ಹೊರಿಸುವುದು ಹಾಗಲ್ಲ. ಕೋಲಾರದ ಮಾರುಕಟ್ಟೆಗೆ ಹೋಗುವ ತುಂಬಿದ ಬಾಕ್ಸ್ 15 ಕಿಲೋ ತೂಗುತ್ತದೆ. ಹತ್ತು ವರ್ಷದ ಹುಡುಗನ ತೂಕವೇ ಮೂವತ್ತು ಕಿಲೋ ಆಸುಪಾಸು. ಔಷಧಿ ಸಿಂಪಡಿಸಿದ ದಿನ ಮಕ್ಕಳು ಹೊಲದ ಹತ್ತಿರ ಸುಳಿಯಬಾರದು. ಖಾಲಿ ಔಷಧಿ ಡಬ್ಬಿ ಆಟಕ್ಕೂ ಕೂಡದು, ನೀರು ತರುವುದಕ್ಕೂ ಕೂಡದು. ಹುಳು ಮನೆಯನ್ನು ತೊಳೆದು ಔಷಧಿ ಹೊಡೆಯುವ ದಿನವೂ ಹಾಗೆಯೇ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ರಾತ್ರಿ ಮನೆಮಂದಿಯೆಲ್ಲ ಎದ್ದಿರುತ್ತಾರೆ, ಮಗುವೂ ಎದ್ದಿರುತ್ತದೆ. ಮರುದಿನ ತರಗತಿಯಲ್ಲಿ ತೂಕಡಿಸಿದರೆ ಮೇಷ್ಟರು ಬೈಯದಿದ್ದರೆ ಸಾಕು. 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕು ತುಂಬದ ಮಕ್ಕಳಿಗೆ ಶಾಲೆಯ ಸಮಯ ಬಿಟ್ಟು, ಅಪಾಯವಿಲ್ಲದ ಮನೆಗೆಲಸಕ್ಕೆ ನೆರವಾಗಲು ಮಾತ್ರ ಅವಕಾಶ ಕೊಟ್ಟಿದೆ.

ಅದೇ ಮನೆಯ ಹುಡುಗಿಯನ್ನು ನೋಡಿ. ಶಾಲೆಯ ಚೀಲ ಇಟ್ಟ ಕೂಡಲೇ ಅವಳ ಕೈಗೆ ಪೊರಕೆ ಬರುತ್ತದೆ. ಪಾತ್ರೆ, ನೀರು, ತೊಟ್ಟಿಲ ಮಗು, ಅಕ್ಕಿ ಆರಿಸುವುದು. ಅಣ್ಣ ಬ್ಯಾಟ್ ಹಿಡಿದು ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಮೈ ನೆರೆದ ಮೇಲಂತೂ ಅವಳು ಬಯಲಿಗೆ ಬರುವುದೇ ನಿಂತುಹೋಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಮತ್ತು 2024ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಆರು ವರ್ಷ ತುಂಬಿದ ಪ್ರತಿಯೊಬ್ಬರೂ ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗೆ ಏನು ಮಾಡಿದರೆಂದು ಅರ್ಧ ಅರ್ಧ ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳುವ ಕ್ರಮ ಅದು. ಅದನ್ನೇ ನೀವೂ ಮಾಡಬಹುದು. ಒಂದು ಹಾಳೆಯಲ್ಲಿ ಎರಡು ಸಾಲು ಎಳೆದು, ಮಗನದೊಂದು ಮಗಳದೊಂದು, ಒಂದು ವಾರ ಬರೆದು ನೋಡಿ. ಹೊರಗೆ ಕಳೆದ ಅರ್ಧ ಗಂಟೆಗಳನ್ನು ಕೂಡಿಸಿ. ಎರಡೂ ಸಾಲುಗಳ ಮೊತ್ತ ಒಂದೇ ಬಂದರೆ ನಿಮ್ಮ ಮನೆ ನಿಜಕ್ಕೂ ಅಪರೂಪದ್ದು.

ಹೊರಗೆ ಬಿಡಲು ಹೆದರಿಕೆ

‘ಡಾಕ್ಟರೇ, ಹೊರಗೆ ಬಿಡಿ ಎನ್ನುತ್ತೀರಿ, ಏನಾದರೂ ಆದರೆ?’ ಎಂಬ ಪ್ರಶ್ನೆ ನ್ಯಾಯವಾದದ್ದು. ಅದರಲ್ಲೂ ನೀರಿನ ಭಯ. ನಮ್ಮ ಜಿಲ್ಲೆಯ ಕೆರೆಗಳು ಎಷ್ಟೋ ವರ್ಷ ಒಣಗಿಯೇ ಇದ್ದವು. ಒಂದು ತಲೆಮಾರಿನ ಮಕ್ಕಳು ಈಜು ಕಲಿಯದೆಯೇ ದೊಡ್ಡವರಾದರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತು, 2021ರ ಮಳೆಗೆ ಕೆರೆಗಳು ಕೋಡಿ ಹರಿದವು, ಹೊಲಹೊಲದಲ್ಲೂ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳು ಆದವು. ನೀರು ಬಂತು, ಈಜು ಬರಲಿಲ್ಲ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ಪ್ರವಾಸ ಹೋದಾಗ ಮುರ್ಡೇಶ್ವರದ ಕಡಲಿನಲ್ಲಿ ತೀರಿಕೊಂಡದ್ದನ್ನು ನಾವು ಯಾರೂ ಮರೆತಿಲ್ಲ.

ಕೃಷಿ ಹೊಂಡದ ಅಪಾಯ ಅದರ ಆಳಕ್ಕಿಂತ ಹೆಚ್ಚಾಗಿ ಅದರ ಅಂಚಿನಲ್ಲಿದೆ. ಪಾಚಿಗಟ್ಟಿದ ಪ್ಲಾಸ್ಟಿಕ್ ಹಾಳೆಯ ಇಳಿಜಾರಿನಲ್ಲಿ ಕಾಲೂರಲು ಆಗುವುದಿಲ್ಲ. ಈಜು ಬಲ್ಲವನೂ ಹತ್ತಿ ಬರಲಾರ. ಸುತ್ತ ಬೇಲಿ ಹಾಕಿಸಿ, ನಾಲ್ಕೂ ಬದಿಯಲ್ಲಿ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ, ಖರ್ಚು ಹೆಚ್ಚಿಲ್ಲ. ಕೆ.ಸಿ. ವ್ಯಾಲಿಯ ನೀರು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲ ಏರಲೆಂದು ಬಿಟ್ಟದ್ದು, ಮಕ್ಕಳು ಈಜಲೆಂದಲ್ಲ. ಊರೆಲ್ಲ ಕಾಲುವೆಗಳೇ ಇರುವ ನೆದರ್ಲೆಂಡ್ಸ್‌ನಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ಈಜು ತರಗತಿಗೆ ಹೋಗುವುದು ಮಾಮೂಲು. ಕೊನೆಗೆ ಪರೀಕ್ಷೆಯಿದೆ. ಆ ಪರೀಕ್ಷೆಯಲ್ಲಿ ಮೈಮೇಲೆ ಬಟ್ಟೆ ತೊಟ್ಟುಕೊಂಡೇ ಈಜಿ ತೋರಿಸಬೇಕು, ಏಕೆಂದರೆ ಕಾಲುವೆಗೆ ಬೀಳುವ ಮಗು ಈಜುಡುಗೆ ತೊಟ್ಟು ಬೀಳುವುದಿಲ್ಲವಲ್ಲ! ನಮ್ಮಲ್ಲಿ ಈಜುಕೊಳ ಇರುವ ಕಡೆ, ಕಲಿಸುವವರು ಪಕ್ಕದಲ್ಲಿದ್ದಾಗ, ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಿಗೂ ಈಜು ಕಲಿಸುವುದು ಟ್ಯೂಷನ್ನಿಗಿಂತ ಮುಖ್ಯವೆಂದು ನನ್ನ ಅಭಿಪ್ರಾಯ.

ಇನ್ನು ಆಟದ ಮಾತು. ಹಳೆಯ ಆಟಗಳನ್ನು ಹೊಗಳುವ ಲೇಖನಗಳು ಚಿನ್ನಿದಾಂಡನ್ನು ಬಿಡುವುದಿಲ್ಲ. ಕಣ್ಣಿಗೆ ಚಿನ್ನಿ ಬಿದ್ದು ದೃಷ್ಟಿ ಕಳೆದುಕೊಂಡ ಮಕ್ಕಳು ನಮ್ಮ ದೇಶದ ಆಸ್ಪತ್ರೆಗಳಿಗೆ ಹೊಸಬರಲ್ಲ. ಆದ್ದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಮಾವಿನ ಕಾಯಿಗೆ ಕಲ್ಲು ಹೊಡೆಯುವ ಹುಡುಗರ ಎದುರು ಬದಿಯಲ್ಲಿ ಯಾರೂ ನಿಲ್ಲಬಾರದು. ಲಗೋರಿ, ಕುಂಟೆಬಿಲ್ಲೆ, ಕಬಡ್ಡಿ, ಕಣ್ಣಾಮುಚ್ಚಾಲೆ ಯಾವುದಾದರೂ ಆಗಲಿ. ಆಡಿದ ಮಗು ನೀರು ಹೆಚ್ಚು ಕುಡಿಯುತ್ತದೆ. ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಸಿಕ್ಕ ನಲ್ಲಿಗೆ ಬಾಯಿ ಇಡದಂತೆ, ಶುದ್ಧ ನೀರಿನ ಘಟಕದ ನೀರು ತುಂಬಿದ ಬಾಟಲಿ ಕೊಟ್ಟು ಕಳಿಸಿ.

ಟ್ಯೂಷನ್ ಬಿಡಿಸಬೇಕೆಂದು ನಾನು ಹೇಳುತ್ತಿಲ್ಲ. ಅದರ ಹೊತ್ತನ್ನು ಬದಲಾಯಿಸಿ ಎನ್ನುತ್ತೇನೆ. ಐದರ ಬದಲು ಆರೂವರೆಗೆ ಶುರುವಾದರೆ ಪಾಠಕ್ಕೆ ನಷ್ಟವಿಲ್ಲ, ಹಗಲು ಮಗುವಿಗೆ ಉಳಿಯುತ್ತದೆ. ಒಬ್ಬರೇ ಕೇಳಿದರೆ ಮೇಷ್ಟರು ಒಪ್ಪಲಿಕ್ಕಿಲ್ಲ, ಐದಾರು ಮನೆಯವರು ಸೇರಿ ಕೇಳಿ. ಕತ್ತಲಲ್ಲಿ ಹೆಣ್ಣು ಮಗು ಹೇಗೆ ಬರಬೇಕೆಂಬ ಚಿಂತೆಗೂ ಆ ಐದಾರು ಮನೆಯವರೇ ಸರದಿಯಲ್ಲಿ ಹೋಗಿ ಕರೆತರುವುದು ಪರಿಹಾರ. ಅದೂ ಆಗದಿದ್ದರೆ ಬೆಳಿಗ್ಗೆಯ ಪಾಠ ಇಟ್ಟುಕೊಳ್ಳಲಿ. ಕೆಲಸಕ್ಕೆ ಹೋಗುವ ತಾಯಂದಿರ ಬೀದಿಯಲ್ಲಿ ಮನೆಯಲ್ಲಿರುವ ಒಬ್ಬ ಅಜ್ಜಿ ಜಗುಲಿಯ ಮೇಲೆ ಕೂತು ಕಣ್ಣಿಟ್ಟರೆ ಹತ್ತು ಮಕ್ಕಳು ಆಡಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅಲ್ಲಿಂದ ತಂದ ಪುಸ್ತಕವನ್ನು ಮರದ ಕೆಳಗೆ ಕೂತು ಓದಲಿ. ಭಾನುವಾರ ಬೆಳಿಗ್ಗೆ ಅಂತರಗಂಗೆ ಬೆಟ್ಟವನ್ನೋ ಆವನಿ ಬೆಟ್ಟವನ್ನೋ ಮನೆಮಂದಿ ಹತ್ತಿ ಇಳಿದರೆ ವಾರದ ಲೆಕ್ಕಕ್ಕೆ ಮೂರು ಗಂಟೆ ಸೇರಿತು.

ಕಣ್ಣು ತೋರಿಸುವುದು ಯಾವಾಗ?

ಮಗು ಟಿ.ವಿ.ಯ ಹತ್ತಿರ ಹತ್ತಿರ ಹೋಗುವುದು, ಕಣ್ಣು ಕಿರಿದು ಮಾಡಿ ನೋಡುವುದು, ಹಲಗೆಯ ಮೇಲಿನದನ್ನು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುವುದು, ಪದೇ ಪದೇ ತಲೆನೋವೆನ್ನುವುದು ಕಂಡರೆ ತಡಮಾಡಬೇಡಿ. ಎಷ್ಟೋ ಮಕ್ಕಳಿಗೆ ತಮಗೆ ಕಾಣಿಸುತ್ತಿಲ್ಲವೆಂಬುದೇ ತಿಳಿದಿರುವುದಿಲ್ಲ. ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದುಕೊಂಡಿರುತ್ತವೆ. ಕ್ಯಾರೆಟ್ ತಿನ್ನಿಸಿದರೆ ನಂಬರ್ ಇಳಿಯುವುದಿಲ್ಲ. ‘ಎ’ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣಿಗೆ ಅದು ಒಳ್ಳೆಯದು, ಸಮೀಪದೃಷ್ಟಿಗೆ ಸಂಬಂಧವಿಲ್ಲ. ಕನ್ನಡಕ ಹಾಕಿಕೊಂಡರೆ ನಂಬರ್ ಏರುತ್ತದೆಂಬುದೂ ಸುಳ್ಳು. ಮದುವೆಗೆ ತೊಂದರೆಯಾದೀತೆಂದು ಮಗಳ ಕನ್ನಡಕವನ್ನು ಬೀರುವಿನಲ್ಲಿ ಇಡುವ ಮನೆಗಳು ಇಂದಿಗೂ ಇವೆ. ಆ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತು ಏನೂ ಕಾಣದೆ, ದಡ್ಡಿ ಎನ್ನಿಸಿಕೊಳ್ಳುತ್ತಾಳೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ, ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ, ಚೀಟಿ ಬರೆದುಕೊಟ್ಟರೆ ಅದನ್ನು ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೋ ನಿಮಗೆ ಹತ್ತಿರದ ಕಣ್ಣಿನ ವೈದ್ಯರ ಬಳಿಗೋ ಕೊಂಡೊಯ್ಯಿರಿ. ಅಷ್ಟರೊಳಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗೋಡೆಯ ಕ್ಯಾಲೆಂಡರಿನಿಂದ ಮಗುವನ್ನು ಆರು ಮಾರು ದೂರ ನಿಲ್ಲಿಸಿ, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿಸಿ, ತಾರೀಖಿನ ದೊಡ್ಡ ಅಂಕಿಗಳನ್ನು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡು ಕಣ್ಣಿಗೂ ವ್ಯತ್ಯಾಸ ಕಂಡರೆ, ಇಲ್ಲವೇ ನಿಮಗೆ ಕಾಣುವುದು ಮಗುವಿಗೆ ಕಾಣದಿದ್ದರೆ, ಈ ವಾರವೇ ವೈದ್ಯರಿಗೆ ತೋರಿಸಿ.